ಕೊನೆಯ ತುತ್ತಿನ ಲೆಕ್ಕ

ಮೈಯ ತೂಕ ಇಳಿಸಬೇಕೆಂಬ ಹಂಬಲ ನಮ್ಮ ಕಾಲದ್ದು, ಅದರಲ್ಲೂ ಮಹಾನಗರಗಳದ್ದು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಅದರ ಚರಿತ್ರೆ ನಾವು ಎಣಿಸಿದ್ದಕ್ಕಿಂತ ಬಹಳ ಹಿಂದಕ್ಕೆ ಹೋಗುತ್ತದೆ. ಅದನ್ನು ಓದುತ್ತಾ ಹೋದಂತೆ ಎರಡು ಸಂಗತಿಗಳು ಗಮನಕ್ಕೆ ಬರುತ್ತವೆ. ಒಂದು, ಬಾಳಿಕೆ ಬಂದ ಪ್ರಯತ್ನಗಳಲ್ಲಿ ಜನ ಕಳೆದುಕೊಂಡದ್ದು ಸ್ವಲ್ಪ ಸ್ವಲ್ಪವಾಗಿಯೇ. ಎರಡು, ಆ ಕಳೆಯುವ ಕೆಲಸವನ್ನು ಉಣ್ಣುವವರು ಒಬ್ಬಂಟಿಯಾಗಿ ಮಾಡಿದ್ದು ಅಪರೂಪ. ಮೊದಲನೆಯದನ್ನು ಇಂದಿನ ವೈದ್ಯರೂ ಪತ್ರಿಕೆಗಳೂ ದಿನವೂ ಹೇಳುತ್ತಾರೆ. ಎರಡನೆಯದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಪಾಲಿ ಭಾಷೆಯ ಸಂಯುತ್ತ ನಿಕಾಯದಲ್ಲಿ ಕೋಸಲದ ಅರಸ ಪಸೇನದಿಯ ಒಂದು ಪ್ರಸಂಗವಿದೆ. ಸಂಸ್ಕೃತ ಗ್ರಂಥಗಳು ಪ್ರಸೇನಜಿತ್ ಎಂದು ಕರೆಯುವ, ಬುದ್ಧನ ಸಮಕಾಲೀನನಾದ ದೊರೆ ಈತ. ಒಂದು ದ್ರೋಣದಷ್ಟು ಅಕ್ಕಿಯ ಅನ್ನ ಉಣ್ಣುವುದು ಅವನ ರೂಢಿ. ಹಾಗೆ ಉಂಡು, ಏದುಸಿರು ಬಿಡುತ್ತಾ ಅವನು ಬುದ್ಧನ ಬಳಿಗೆ ಬರುತ್ತಾನೆ. ಬುದ್ಧ ಅವನನ್ನು ಗದರುವುದಿಲ್ಲ, ಉಪವಾಸವನ್ನೂ ವಿಧಿಸುವುದಿಲ್ಲ. ಉಣ್ಣುವಾಗ ಎಚ್ಚರವಿದ್ದು ಅಳತೆ ಅರಿತವನ ದೇಹಬಾಧೆ ತಗ್ಗುತ್ತದೆ, ಮುಪ್ಪು ಮೆಲ್ಲಗೆ ಬರುತ್ತದೆ ಎಂಬರ್ಥದ ಒಂದು ಪದ್ಯ ಹೇಳುತ್ತಾನೆ. ಅರಸನ ಹಿಂದೆ ನಿಂತಿದ್ದ ಸುದಸ್ಸನನೆಂಬ ತರುಣನಿಗೆ ಆ ಪದ್ಯವನ್ನು ಕಲಿತು ಊಟದ ಹೊತ್ತಿನಲ್ಲಿ ಹೇಳುವ ಕೆಲಸ ಒಪ್ಪಿಸಲಾಗುತ್ತದೆ; ಸಂಬಳ ದಿನಕ್ಕೆ ನೂರು ಕಹಾಪಣ. ಅರಸನ ಊಟ ಕ್ರಮೇಣ ಒಂದು ನಾಳಿ ಅಕ್ಕಿಗೆ ಇಳಿಯುತ್ತದೆ. ಹಳೆಯ ಮಾಪನದ ಲೆಕ್ಕದಲ್ಲಿ ನಾಳಿಯೆಂದರೆ ದ್ರೋಣದ ಹದಿನಾರನೆಯ ಒಂದು ಪಾಲು. ಮೈ ಹಗುರಾದ ಮೇಲೆ ದೊರೆ ತನ್ನ ಕೈಕಾಲುಗಳನ್ನು ತಾನೇ ಸವರಿಕೊಂಡು ಸಂತೋಷಪಡುವ ಚಿತ್ರದೊಂದಿಗೆ ಪ್ರಸಂಗ ಮುಗಿಯುತ್ತದೆ.

ಹದಿನಾರು ಪಾಲು ಒಂದು ಪಾಲಾದದ್ದು ಹೇಗೆಂಬುದನ್ನು ಅಟ್ಠಕಥೆಗಳು, ಅಂದರೆ ಪಾಲಿ ವ್ಯಾಖ್ಯಾನಗಳು, ವಿವರಿಸುತ್ತವೆ. ತರುಣ ಪದ್ಯವನ್ನು ಊಟದ ಆರಂಭದಲ್ಲಿ ಹೇಳಬಾರದು, ನಡುವೆಯೂ ಹೇಳಬಾರದು. ಅರಸ ಕೊನೆಯ ತುತ್ತಿಗೆ ಕೈಯಿಕ್ಕಿದಾಗ ಹೇಳಬೇಕು. ಅದನ್ನು ಕೇಳಿ ಅರಸ ಆ ತುತ್ತನ್ನು ಬಿಡುತ್ತಾನೆ. ಬಿಟ್ಟ ತುತ್ತಿನಲ್ಲಿ ಎಷ್ಟು ಅಗುಳಿದ್ದವೋ ಅಷ್ಟು ಅಕ್ಕಿಯನ್ನು ಮರುಸಲದ ಅಡುಗೆಯಲ್ಲಿ ಕಡಿಮೆ ಮಾಡಬೇಕು. ಮರುದಿನದ ಕೊನೆಯ ತುತ್ತು ಆ ಕಡಿಮೆಯಾದ ಅನ್ನದ್ದು. ಅದನ್ನೂ ಬಿಟ್ಟರೆ ಅಕ್ಕಿ ಇನ್ನಷ್ಟು ಇಳಿಯುತ್ತದೆ.

ಈ ವ್ಯವಸ್ಥೆಯ ಜಾಣತನವನ್ನು ಸ್ವಲ್ಪ ನಿಂತು ನೋಡಬೇಕು. ಹಸಿದವನ ಕೈಯನ್ನು ಮೊದಲ ತುತ್ತಿಗೇ ತಡೆದರೆ ಅವನು ಸಿಟ್ಟಾಗುತ್ತಾನೆ. ದೊರೆಯಾದರೆ ತಡೆದವನ ಗತಿ ಏನೆಂದು ಹೇಳಬೇಕಿಲ್ಲ. ಕೊನೆಯ ತುತ್ತಿನ ಹೊತ್ತಿಗೆ ಹಸಿವು ತೀರಿರುತ್ತದೆ, ಕೈ ಮಾತ್ರ ಅಭ್ಯಾಸಬಲದಿಂದ ಚಲಿಸುತ್ತಿರುತ್ತದೆ. ಬಿಡುವುದು ಸುಲಭವಾದ ಗಳಿಗೆ ಅದೊಂದೇ. ಹಾಗೆ ಬಿಟ್ಟದ್ದು ಅರಸನ ಮನಸ್ಸಿನಲ್ಲಿ ಸಂಕಲ್ಪವಾಗಿ ಉಳಿಯದೆ ಅಡುಗೆಮನೆಯ ಅಳತೆಯಾಗಿಬಿಡುತ್ತದೆ. ನಾಳೆ ಅವನು ಮತ್ತೆ ಮನಸ್ಸು ಗಟ್ಟಿಮಾಡಿಕೊಳ್ಳಬೇಕಾದ ಅಗತ್ಯವಿಲ್ಲ, ಮಡಕೆಯಲ್ಲಿ ಬೇಯುವುದೇ ಅಷ್ಟು. ಇಳಿಕೆ ಕೊನೆಯಿಲ್ಲದೆ ಸಾಗುವುದೂ ಇಲ್ಲ, ನಾಳಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಸಿವಿನಿಂದ ಬಳಲುವ ದೊರೆ ಆ ಕಥೆಯಲ್ಲಿಲ್ಲ.

ಇದೇ ವಿವೇಕ ವೈದ್ಯಶಾಸ್ತ್ರದ ರೂಪದಲ್ಲಿ ಚರಕಸಂಹಿತೆಯಲ್ಲಿ ಕಾಣುತ್ತದೆ. ಅದರ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ಅತಿಸ್ಥೂಲರನ್ನೂ ಅತಿಕೃಶರನ್ನೂ ಕುರಿತದ್ದು. ಸ್ಥೂಲದೇಹಿಗೆ ಅದು ಸೂಚಿಸುವುದು ಹೊಟ್ಟೆ ತುಂಬಿಸುವ ಆದರೆ ಮೈ ಬೆಳೆಸದ ಆಹಾರ: ನವಣೆ, ಸಾಮೆ, ಹಾರಕ, ಜವೆ, ಹೆಸರು, ಹುರುಳಿ. ನಮ್ಮ ಬಯಲುಸೀಮೆಯ ಹಿರಿಯರಿಗೆ ಈ ಪಟ್ಟಿಯಲ್ಲಿ ಹೊಸದೇನೂ ಕಾಣದು. ವ್ಯಾಯಾಮ ಮೊದಲಾದವನ್ನು ಹೇಳುವಾಗ ಗ್ರಂಥ ಬಳಸುವ ‘ಕ್ರಮೇಣ’ ಎಂಬ ಮಾತು ಮುಖ್ಯವಾದದ್ದು. ಅವನ್ನು ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಇನ್ನೂ ಮಹತ್ವದ್ದು ಏಳನೆಯ ಅಧ್ಯಾಯದಲ್ಲಿದೆ. ರೂಢಿಯಾಗಿಬಿಟ್ಟ ಕೆಟ್ಟ ಅಭ್ಯಾಸವನ್ನು ಒಮ್ಮೆಗೇ ಕಿತ್ತೆಸೆಯಬಾರದು, ಕಾಲುಕಾಲು ಪಾಲಾಗಿ ಬಿಡಬೇಕು. ಬಿಟ್ಟಷ್ಟೇ ಪಾಲು ಒಳ್ಳೆಯದನ್ನು ಅದರ ಜಾಗಕ್ಕೆ ತರಬೇಕು. ಒಂದು ಹೆಜ್ಜೆಗೂ ಮುಂದಿನದಕ್ಕೂ ನಡುವೆ ಒಂದು, ಎರಡು, ಮೂರು ದಿನಗಳ ಅಂತರ ಇಡಬೇಕು. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಹೀಗೆ ಕ್ರಮವಾಗಿ ಕಳೆದ ದೋಷ ಮರಳಿ ಬರುವುದಿಲ್ಲ, ಕ್ರಮವಾಗಿ ಕೂಡಿಸಿದ ಗುಣ ಅಲುಗುವುದಿಲ್ಲ ಎಂಬುದು ಅಲ್ಲಿನ ಭರವಸೆ. ಬಿಡುವುದರ ಜೊತೆಗೆ ತುಂಬುವುದನ್ನೂ ಹೇಳಿದ್ದು ಆ ಗ್ರಂಥದ ಹೆಚ್ಚುಗಾರಿಕೆ. ತೆರವಾದ ಜಾಗಕ್ಕೆ ಹಳೆಯದೇ ಮರಳಿ ಬರುತ್ತದೆಂಬುದನ್ನು ಅದನ್ನು ರಚಿಸಿದವರು ಬಲ್ಲವರಾಗಿದ್ದರು.

ಯೂರೋಪಿನಲ್ಲಿ ಇಂಥದೇ ವಿಚಾರ ಇಟಲಿಯ ಪಡುವಾ ನಗರದಲ್ಲಿ ಎರಡು ಬಗೆಯಾಗಿ ಕಾಣಿಸಿಕೊಂಡಿತು. ಅಲ್ಲಿನ ಸಿರಿವಂತ ಅಲ್ವಿಸೆ ಕೊರ್ನಾರೊ ಮಿತಾಹಾರವನ್ನು ಕುರಿತ ತನ್ನ ಪ್ರಬಂಧವನ್ನು 1558ರಲ್ಲಿ ಪ್ರಕಟಿಸಿದ. ಅತಿಭೋಗದಿಂದ ಕೆಟ್ಟಿದ್ದ ಮೈಯನ್ನು ಅವನು ದಿನಕ್ಕೆ 12 ಔನ್ಸ್ ಆಹಾರ, 14 ಔನ್ಸ್ ದ್ರಾಕ್ಷಾರಸದ ನಿಯಮದಿಂದ ಸರಿಪಡಿಸಿಕೊಂಡಿದ್ದ. ವಯಸ್ಸಾದ ಮೇಲೆ ಬಂಧುಗಳು ಸುಮ್ಮನಿರಲಿಲ್ಲ. ಇಷ್ಟೇ ಉಂಡರೆ ಹೇಗೆ ಎಂದು ಒತ್ತಾಯಿಸಿ ಎರಡೆರಡು ಔನ್ಸ್ ಹೆಚ್ಚಿಸಿದರು. ಕೆಲವೇ ದಿನಗಳಲ್ಲಿ ತಾನು ಕಾಯಿಲೆ ಬಿದ್ದೆನೆಂದು ಅವನು ಬರೆಯುತ್ತಾನೆ. ಅಲ್ಲಿಯೇ ವೈದ್ಯಶಾಸ್ತ್ರ ಬೋಧಿಸಿದ ಸಾಂಟೋರಿಯೊ ದೊಡ್ಡ ತಕ್ಕಡಿಗೆ ತೂಗುಹಾಕಿದ ಒಂದು ಕುರ್ಚಿಯನ್ನು ಪರಿಚಯಿಸಿದ. ಅದರಲ್ಲಿ ಕುಳಿತು ಉಣ್ಣುವಾಗ ಮೊದಲೇ ಗೊತ್ತುಪಡಿಸಿದಷ್ಟು ಆಹಾರ ಹೊಟ್ಟೆ ಸೇರಿದೊಡನೆ ಕುರ್ಚಿ ತುಸು ಕೆಳಗಿಳಿದು, ಸಾಕೆಂದು ತಿಳಿಸುತ್ತಿತ್ತು. ಶ್ರಾವಸ್ತಿಯ ತರುಣನ ಕೆಲಸವನ್ನು ಇಲ್ಲಿ ಯಂತ್ರ ಮಾಡಿತು.

ಆಧುನಿಕ ಅರ್ಥದ ‘ಡಯಟ್’ ಜನಸಾಮಾನ್ಯರ ಬಾಯಿಗೆ ಬಂದದ್ದು ಲಂಡನ್ನಿನ ವಿಲಿಯಂ ಬಾಂಟಿಂಗ್‌ನಿಂದ. ರಾಜಮನೆತನದ ಅಂತ್ಯಕ್ರಿಯೆಗಳ ಏರ್ಪಾಡು ನೋಡಿಕೊಳ್ಳುತ್ತಿದ್ದ ಕುಟುಂಬದವನಾದ ಈತ ಐದು ಅಡಿ ಐದು ಅಂಗುಲ ಎತ್ತರದ ಮನುಷ್ಯ. 1862ರಲ್ಲಿ ಅವನ ತೂಕ 202 ಪೌಂಡ್, ಅಂದರೆ ಸುಮಾರು 92 ಕಿಲೋ. ಬೂಟಿನ ದಾರ ಕಟ್ಟಲು ಬಗ್ಗಲಾರ; ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕು. ದೋಣಿ ಹುಟ್ಟು ಹಾಕಿದ, ಹಬೆಸ್ನಾನ ಮಾಡಿದ, ಅರೆಹೊಟ್ಟೆ ಉಂಡು ನೋಡಿದ. ಹುಟ್ಟು ಹಾಕಿದ್ದರಿಂದ ಹಸಿವೆಯೇ ಹೆಚ್ಚಿತು. ಕಡೆಗೆ ಕಿವಿ ಮಂದವಾಯಿತೆಂದು ಹೋದಾಗ ವಿಲಿಯಂ ಹಾರ್ವೆ ಎಂಬ ವೈದ್ಯ ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಬಿಡಿಸಿದರು. ಸುಮಾರು ಒಂದು ವರ್ಷದಲ್ಲಿ ಅವನು ಇಳಿಸಿದ್ದು 46 ಪೌಂಡ್. ವಾರಕ್ಕೆ ಒಂದು ಪೌಂಡೂ ಪೂರ್ತಿಯಾಗದು. 1863ರಲ್ಲಿ ಅವನು ಬರೆದ ಕಿರುಹೊತ್ತಗೆ ಎಷ್ಟು ಜನಪ್ರಿಯವಾಯಿತೆಂದರೆ ಅವನ ಹೆಸರೇ ಕ್ರಿಯಾಪದವಾಯಿತು. ಸ್ವೀಡನ್ನಿನ ಜನ ಇಂದಿಗೂ ತೂಕ ಇಳಿಸುವುದಕ್ಕೆ ‘ಬಾಂಟಾ’ ಎನ್ನುತ್ತಾರೆ. ಯಾವ ಪದಾರ್ಥ ಬಿಟ್ಟನೆಂಬುದನ್ನು ಓದುಗರು ನೆನಪಿಟ್ಟುಕೊಂಡರು. ಆ ಇಳಿಕೆಗೆ ವರ್ಷ ಹಿಡಿಯಿತೆಂಬುದು, ಜೊತೆಗೊಬ್ಬ ವೈದ್ಯರಿದ್ದರೆಂಬುದು ಹಿಂದೆ ಸರಿಯಿತು.

ಲಂಡನ್ನಿನಲ್ಲಿ ಆ ಹೊತ್ತಗೆ ಬಂದು ಹದಿನಾಲ್ಕು ವರ್ಷ ಕಳೆಯುವುದರೊಳಗೆ ನಮ್ಮ ಸೀಮೆಯಲ್ಲಿ ಊಟದ ತೂಕವನ್ನು ಬೇರೊಂದು ಕಾರಣಕ್ಕೆ ಅಳೆಯಬೇಕಾಗಿ ಬಂತು. ಅದು ಧಾತು–ಈಶ್ವರ ಸಂವತ್ಸರಗಳ ಬರ, 1876–78. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಅತಿಯಾಗಿ ನೊಂದ ಜಿಲ್ಲೆಗಳಲ್ಲೊಂದು. ಪರಿಹಾರ ಕಾಮಗಾರಿಯ ಕೂಲಿಗಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದಷ್ಟು ಕೂಲಿ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದರು. ದುಡಿಯುವ ದೇಹಕ್ಕೆ ಅದು ಸಾಲದೆಂದು ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ವಾದಿಸಿದರು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿಯಿತು.

ತೂಕ ಇಳಿಸುವ ಮಾತಿನ ನಡುವೆ ಬರವನ್ನು ತಂದುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಎಲೆಯ ಮುಂದೆ ನಿಂತವರು ‘ಇನ್ನೊಂಚೂರು ಹಾಕಿಸ್ಕೊಳ್ಳಿ’ ಎನ್ನುವ ಉಪಚಾರ ಬರಿಯ ಶಿಷ್ಟಾಚಾರವೆಂದು ನಮಗೆ ತೋರುವುದಿಲ್ಲ. ಅನ್ನ ಇಲ್ಲದ ದಿನಗಳನ್ನು ಕಂಡ ಸಮಾಜ, ಅನ್ನ ಇದ್ದ ದಿನ ಒಲವನ್ನು ತೋರುವ ಬಗೆ ಅದು. ಅಂಥ ಕೈಯನ್ನು ಅಜ್ಞಾನವೆಂದು ಹಳಿಯುವುದು ಸರಿಯಲ್ಲ. ಹಳಿದು ಪ್ರಯೋಜನವೂ ಇಲ್ಲ.

ಅರೆಹೊಟ್ಟೆಯ ಬಾಳು ಮನಸ್ಸನ್ನು ಏನು ಮಾಡುತ್ತದೆಂಬುದಕ್ಕೆ ಇಪ್ಪತ್ತನೆಯ ಶತಮಾನ ಒಂದು ಪ್ರಯೋಗವನ್ನೇ ನಡೆಸಿತು. ಯುದ್ಧದಲ್ಲಿ ಹಸಿದ ಯೂರೋಪಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಅಮೆರಿಕದ ಮಿನೆಸೊಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 1944–45ರಲ್ಲಿ 36 ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಅದರೊಡನೆ ಉತ್ಸಾಹ ಉಡುಗಿತು, ಸಿಡುಕು ಹೆಚ್ಚಿತು. ಹಗಲಿರುಳೂ ಊಟದ್ದೇ ಧ್ಯಾನವಾಗಿ, ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತಾ ಕುಳಿತರು. ಕಟ್ಟು ಸಡಿಲಿಸಿದ ಮೇಲೆ ಹಲವರು ಎಷ್ಟುಂಡರೂ ತೃಪ್ತಿಯಿಲ್ಲದಂತೆ ಉಂಡರು. ಅವರ ಆಹಾರ ದಿನಕ್ಕೆ ಸುಮಾರು 1,570 ಕ್ಯಾಲೊರಿ. ಇಂದು ಎಷ್ಟೋ ತೀವ್ರ ಡಯಟ್‌ಗಳು ಅದಕ್ಕಿಂತಲೂ ಕಡಿಮೆ ಆಹಾರವನ್ನು ಹೇಳುತ್ತವೆ. ಅಂಥ ವ್ರತ ಮುರಿದಾಗ ನಮ್ಮವರು ತಮ್ಮ ಮನೋಬಲವನ್ನು ಹಳಿದುಕೊಳ್ಳುವುದನ್ನು ನೋಡಿದ್ದೇವೆ. ಆ ಸ್ವಯಂಸೇವಕರು ಮನೋಬಲವಿಲ್ಲದವರಾಗಿರಲಿಲ್ಲ. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧ ಮಾಡಲೊಲ್ಲೆವೆಂದು ಸರಕಾರಕ್ಕೇ ಹೇಳಿದ್ದವರು. ಹಸಿದ ದೇಹ ಹಸಿದ ದೇಹದಂತೆ ನಡೆದುಕೊಂಡಿತು, ಅಷ್ಟೆ.

ಹಾಗಾದರೆ ನಿಧಾನವಾಗಿ ಇಳಿಸಿದರೆ ಸಾಕೇ? ಇದನ್ನೂ ಪರೀಕ್ಷಿಸಿದ್ದಾರೆ. ಮೆಲ್ಬರ್ನ್ ನಗರದ ಸಂಶೋಧಕರು 200 ಮಂದಿಯಲ್ಲಿ ಕೆಲವರಿಗೆ 12 ವಾರಗಳಲ್ಲಿ, ಉಳಿದವರಿಗೆ 36 ವಾರಗಳಲ್ಲಿ ತೂಕ ಇಳಿಸುವ ಕ್ರಮ ಹಾಕಿಕೊಟ್ಟರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಯಶಸ್ವಿಯಾಗಿ ಇಳಿಸಿದವರು ಮೂರು ವರ್ಷ ತುಂಬುವಷ್ಟರಲ್ಲಿ ಕಳೆದುಕೊಂಡದ್ದರಲ್ಲಿ ಸುಮಾರು ಶೇಕಡ 71ರಷ್ಟನ್ನು ಮರಳಿ ಪಡೆದಿದ್ದರು. ವೇಗದವರಿಗೂ ನಿಧಾನದವರಿಗೂ ವ್ಯತ್ಯಾಸವಿರಲಿಲ್ಲ. ಈ ಫಲಿತಾಂಶ ಮೊದಲಿಗೆ ನಿರಾಸೆ ತರಬಹುದು. ಪಸೇನದಿಯ ಕಥೆಯ ಬೆಳಕಿನಲ್ಲಿ ಇದು ನಮಗೆ ಹೇಳುವುದು ಇಷ್ಟು: ನಿಧಾನವೆಂಬುದು ತಾನಾಗಿ ಕಾಪಾಡದು. ಕೊನೆಯ ದಿನಾಂಕವಿರುವ ಕ್ರಮ ಒಂಬತ್ತು ತಿಂಗಳು ನಡೆದರೂ ವ್ರತವೇ. ಉದ್ಯಾಪನೆಯ ಮರುದಿನ ಹಳೆಯ ಮಡಕೆ ಹಳೆಯ ಅಳತೆಗೇ ಒಲೆಯೇರುತ್ತದೆ. ದೊರೆಯ ಊಟ ಉಳಿದುಕೊಂಡದ್ದು ಅಳತೆಯೇ ಬದಲಾದದ್ದರಿಂದ.

ದಿನಚರಿಯೊಳಗೇ ಬೆರೆತುಹೋದ ಸಣ್ಣ ಶ್ರಮಕ್ಕೆ ಹೆಸರಾದ ಉದಾಹರಣೆ ಲಂಡನ್ನಿನ ಬಸ್ಸುಗಳದ್ದು. ಜೆರ‍್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿದರು. ದಿನವಿಡೀ ಕುಳಿತ ಚಾಲಕರಿಗಿಂತ, ಟಿಕೆಟ್ಟಿಗಾಗಿ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಮೂರು ವರ್ಷದ ಬಳಿಕ ಅವರು ಸಮವಸ್ತ್ರದ ಷರಾಯಿಗಳ ಅಳತೆ ನೋಡಿದಾಗ ಚಾಲಕರ ಸೊಂಟ ದಪ್ಪವೆಂದು ತಿಳಿಯಿತು. ಕಿರಿಯ ಚಾಲಕರದೂ ಹಾಗೆಯೇ ಇತ್ತಾದ್ದರಿಂದ ಎಲ್ಲವನ್ನೂ ಕೆಲಸದ ಮೇಲೆ ಹೊರಿಸುವಂತಿರಲಿಲ್ಲ. ಆದರೂ ಕೂತು ಮಾಡುವ ಕೆಲಸದ ಅಪಾಯದತ್ತ ವೈದ್ಯಲೋಕ ಕಣ್ಣು ತಿರುಗಿಸಿದ್ದು ಆಗ. ನಿರ್ವಾಹಕ ವ್ಯಾಯಾಮ ಮಾಡುತ್ತೇನೆಂದು ಹೊರಟವನಲ್ಲ. ಮೆಟ್ಟಿಲು ಅವನ ದಾರಿಯಲ್ಲಿತ್ತು.

ಈ ಎಳೆಗಳೆಲ್ಲ ಒಂದಾಗುವುದು ಮಧುಮೇಹ ತಡೆಯುವ ದೊಡ್ಡ ಅಧ್ಯಯನಗಳಲ್ಲಿ. ಅಮೆರಿಕದಲ್ಲಿ 3,234 ಮಂದಿಯ ಮೇಲೆ ನಡೆದು 2002ರಲ್ಲಿ ವರದಿಯಾದ ಅಧ್ಯಯನದ ಗುರಿ ಬಹಳ ಸಾಧಾರಣವಾದದ್ದು: ತೂಕದಲ್ಲಿ ಶೇಕಡ 7 ಇಳಿಕೆ, ವಾರಕ್ಕೆ 150 ನಿಮಿಷಗಳ ನಡಿಗೆಯಂಥ ಚಟುವಟಿಕೆ. 80 ಕಿಲೋ ಇದ್ದವರಿಗೆ ಇದು ಐದೂವರೆ ಕಿಲೋದ ಮಾತು. ಅಷ್ಟರಿಂದಲೇ ಮಧುಮೇಹಕ್ಕೆ ತುತ್ತಾಗುವವರ ಪ್ರಮಾಣ ಶೇಕಡ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ತಗ್ಗಿಸಿದ್ದು ಶೇಕಡ 31. ಜೀವನಕ್ರಮ ತಿದ್ದಿಕೊಳ್ಳುವ ಗುಂಪಿನ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದು, ಹದಿನಾರು ಪಾಠಗಳನ್ನು ಎದುರು ಕೂರಿಸಿಕೊಂಡು ಕಲಿಸುತ್ತಿದ್ದರು. ಸುದಸ್ಸನನ ಸ್ಥಾನ ಇಲ್ಲಿಯೂ ಖಾಲಿಯಿರಲಿಲ್ಲ.

ನಮಗೆ ಹೆಚ್ಚು ಹತ್ತಿರದ್ದು ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ. ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯನ್ನು ಸುಮಾರು ಎರಡೂವರೆ ವರ್ಷ ಗಮನಿಸಲಾಯಿತು. ದಿನಕ್ಕೆ ಅರ್ಧ ಗಂಟೆ ನಡಿಗೆ. ಸಕ್ಕರೆ, ಎಣ್ಣೆ, ನಯಗೊಳಿಸಿದ ಧಾನ್ಯಗಳಲ್ಲಿ ಹಿಡಿತ. ನಾರಿನಂಶಕ್ಕೆ ಹೆಚ್ಚು ಜಾಗ. ಸಾಮಾನ್ಯ ಸಲಹೆ ಪಡೆದವರಲ್ಲಿ ಶೇಕಡ 55 ಮಂದಿಗೆ ಮಧುಮೇಹ ಬಂತು. ಜೀವನಕ್ರಮ ತಿದ್ದಿಕೊಂಡವರಲ್ಲಿ ಶೇಕಡ 39ರಷ್ಟು ಮಂದಿಗೆ. ಈ ಎರಡನೆಯ ಗುಂಪಿನವರ ತೂಕ ಗಣನೀಯವಾಗಿ ಇಳಿದಿರಲಿಲ್ಲ ಎಂಬುದು ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ. ತಕ್ಕಡಿಯ ಮುಳ್ಳು ಅಲುಗದಿದ್ದಾಗಲೂ ಮೈಯೊಳಗೆ ಒಳಿತು ನಡೆದಿತ್ತು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮ ಮೈಗಳನ್ನೇ ಅಳೆದು ತೋರಿಸಿದ್ದೂ ಇಂಥದೇ ಮಾತು: ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ದೇಹದ ಕೊಬ್ಬು ಮಾತ್ರ ಪುಣೆಯವರದು ಶೇಕಡ 21.2, ಲಂಡನ್ನಿನವರದು 9.1. ತೆಳ್ಳಗಿದ್ದೇವೆಂಬ ನೆಮ್ಮದಿಯೂ, ತೂಕ ಇಳಿಯಲಿಲ್ಲವೆಂಬ ಹತಾಶೆಯೂ ಎರಡೂ ಅವಸರದ ತೀರ್ಮಾನಗಳೇ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದೆಲ್ಲ ಬರಿಯ ಚರಿತ್ರೆಯಾಗಿ ಉಳಿಯುವುದಿಲ್ಲ. ಹನಿಗೂಡಿದರೆ ಹಳ್ಳ ಎಂಬ ಗಾದೆಯಂತೆ ಮೈಯೂ ನಮಗೆ ಗೊತ್ತಾಗದಂತೆ ತುಂಬಿಕೊಂಡಿದೆ. ಲೋಕಲ್ ರೈಲಿನಲ್ಲಿ ಎರಡು ಗಂಟೆ, ಕಚೇರಿಯಲ್ಲಿ ಒಂಬತ್ತು ಗಂಟೆ, ರಾತ್ರಿ ಹತ್ತಕ್ಕೆ ಊಟ. ಸಂಘದ ಯುಗಾದಿಗೂ ರಾಜ್ಯೋತ್ಸವಕ್ಕೂ ಒಬ್ಬಟ್ಟು, ಬಿಸಿಬೇಳೆಬಾತು. ಅವು ನಮಗೆ ತಿನಿಸಷ್ಟೇ ಆಗಿರದೆ ಊರಿನ ನೆನಪೂ ಆಗಿರುವುದರಿಂದ ಬೇಡವೆನ್ನುವುದು ಇನ್ನೂ ಕಷ್ಟ. ಬೇಡವೆನ್ನಬೇಕಾದ್ದೂ ಇಲ್ಲ. ವರ್ಷಕ್ಕೆ ನಾಲ್ಕು ಸಲ ಬರುವ ಒಬ್ಬಟ್ಟಿಗಿಂತ ದಿನಕ್ಕೆ ನಾಲ್ಕು ಸಲ ಬರುವ ಚಹಾ ದೊಡ್ಡದು. ಲೋಟಕ್ಕೆ ಎರಡು ಚಮಚೆಯಂತೆ, ಚಮಚೆಗೆ ನಾಲ್ಕು ಗ್ರಾಂ ಎಂದುಕೊಂಡರೂ ದಿನಕ್ಕೆ 32 ಗ್ರಾಂ ಸಕ್ಕರೆ. ಚರಕನ ಕಾಲು ಪಾಲಿನಂತೆ ಲೋಟಕ್ಕೆ ಅರ್ಧ ಚಮಚೆ ಬಿಟ್ಟರೆ ನಾಲಿಗೆಗೆ ಒಂದೆರಡು ವಾರದ ಮುನಿಸು. ವರ್ಷದ ಕೊನೆಗೆ ಮನೆಗೆ ಬಾರದೆ ಉಳಿದ ಸಕ್ಕರೆ ಮೂರು ಕಿಲೋದ ಹತ್ತಿರ. ಒಂದು ನಿಲ್ದಾಣ ಮೊದಲೇ ಇಳಿದು ನಡೆಯುವುದು, ಮೂರನೆಯ ಮಹಡಿಯವರೆಗೆ ಲಿಫ್ಟ್ ಬಿಡುವುದು, ಅನ್ನ ಒಂದು ಸೌಟು ಇಳಿಸಿ ಹುರುಳಿಕಾಳಿನ ಪಲ್ಯವೋ ಸೊಪ್ಪಿನ ಹುಳಿಯೋ ಒಂದು ಸೌಟು ಏರಿಸುವುದು, ಎಲ್ಲವೂ ಈ ಅಳತೆಯವೇ. ಮಧುಮೇಹಕ್ಕೆ ಈಗಾಗಲೇ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಊಟದ ಅಳತೆಯನ್ನು ವೈದ್ಯರಿಗೆ ತಿಳಿಸಿಯೇ ಬದಲಾಯಿಸಬೇಕು.

ಆದರೆ ಸೌಟು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಕೇಳದೆ ಬಿಡುವಂತಿಲ್ಲ. ಅನೇಕ ಮನೆಗಳಲ್ಲಿ ಡಯಟ್ ಮಾಡುವವರು ಒಬ್ಬರು, ಅಡುಗೆ ಮಾಡುವವರು ಇನ್ನೊಬ್ಬರು. ಗಂಡನಿಗೆ ಬೇರೆ ಪಲ್ಯ, ಮಗಳಿಗೆ ಬೇರೆ ರೊಟ್ಟಿ ಮಾಡಿ ದಣಿದ ಗೃಹಿಣಿ ಕೊನೆಯಲ್ಲಿ ಉಳಿದದ್ದನ್ನೆಲ್ಲ ತಾನು ಉಂಡು ಪಾತ್ರೆ ತೊಳೆಯುತ್ತಾಳೆ. ಎಸೆಯಬಾರದೆಂಬ ಆ ಕೊನೆಯ ತುತ್ತು ಅವಳ ಪಾಲಿಗೆ ಬರುತ್ತದೆ. ಅವಳ ತೂಕದ ಬಗ್ಗೆ ಮಾತಾಡುವವರು ಅವಳ ನಡಿಗೆಗೆ ಅರ್ಧ ಗಂಟೆ ಬಿಡುವು ಮಾಡಿಕೊಡುವುದಿಲ್ಲ. ಒಬ್ಬರ ವ್ರತ ಹೀಗೆ ಇನ್ನೊಬ್ಬರ ಹೊರೆಯಾಗುವ ಮನೆಯಲ್ಲಿ ಅದು ಬಹಳ ದಿನ ಬಾಳದು.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮಲ್ಲಿ ಗಾದೆಯಿದೆ. ಆ ಬಲ್ಲತನವನ್ನು ಉಣ್ಣುವವರೊಬ್ಬರಿಗೇ ವಹಿಸಿಬಿಟ್ಟದ್ದರಿಂದ ಇಷ್ಟೊಂದು ಸಂಕಲ್ಪಗಳು ಮುರಿದಿವೆ ಎಂದು ನಾವು ನಂಬುತ್ತೇವೆ. ಅಕ್ಕಿ ಅಳೆಯುವವರು, ಬಡಿಸುವವರು, ಉಣ್ಣುವವರು ಒಟ್ಟಿಗೆ ಕೂತು ಪಾವಿಗೆ ಒಂದು ಹಿಡಿ ಕಡಿಮೆ ಹಾಕೋಣ ಎಂದು ಒಪ್ಪಿಕೊಂಡರೆ, ಎರಡು ತಿಂಗಳು ಬಿಟ್ಟು ಇನ್ನೊಂದು ಹಿಡಿಯ ಮಾತು ಎತ್ತಬಹುದು. ಬಡಿಸುವ ಕೈ ಉಪಚಾರ ಬಿಡಬೇಕಾಗಿಲ್ಲ. ‘ಇನ್ನೊಂಚೂರು’ ಎನ್ನುವಾಗ ಆ ಸೌಟಿನಲ್ಲಿ ಸೊಪ್ಪಿನ ಹುಳಿ ಇದ್ದರೆ ಸಾಕು.